ಹೋಮ್‌ಸ್ಟೇ ಇನ್‌ಸ್ಟಾಗ್ರಾಂ ಬಿಡಿ, ಸಂಘದ ಲೆಡ್ಜರ್ ಹಿಡೀರಿ

ವಿರಾಜಪೇಟೆ ಕಡೆಯಿಂದ ಫೈನಲ್ ಇಯರ್ ಬಿಕಾಂ ಓದ್ತಿರೋ ಓದುಗಿಯೊಬ್ರು ಬರೆದಿದಾರೆ, ಹೆಸರು ಹಾಕ್ಬೇಡಿ ಅಂದಿದಾರೆ. ಪತ್ರದ ಸಾರ ಇಷ್ಟು: ಕಾಲೇಜಲ್ಲಿ ಪ್ರೊ ಬೋನೋ ಕೆಲಸ ಮಾಡಿ, ರೆಸ್ಯೂಮೆಗೆ ಒಳ್ಳೇದು ಅಂತಾರೆ. ಮನೇಲಿ ಅಪ್ಪ, ಬಿಟ್ಟಿ ಚಾಕರಿ ಯಾಕೆ ಅಂತಾರೆ. ಪರಿಚಯದವರೊಬ್ರು ನಮ್ಮ ಹೋಮ್‌ಸ್ಟೇ ಇನ್‌ಸ್ಟಾಗ್ರಾಂ ನೋಡ್ಕೊ, ಸರ್ಟಿಫಿಕೇಟ್ ಕೊಡ್ತೀನಿ ಅಂದಿದಾರೆ. ಬೆಂಗಳೂರಲ್ಲಾದ್ರೆ ದೊಡ್ಡ ಸಂಸ್ಥೆಗಳಿರ್ತವೆ, ಕೊಡಗಲ್ಲಿ ನನ್ನಂಥವಳು ಏನ್ ಮಾಡ್ಬೋದು?

ಉತ್ತರ:

ಮೊದ್ಲು ಆ ಹೋಮ್‌ಸ್ಟೇ ವಿಷಯ ಮುಗಿಸ್ಬಿಡೋಣ. ಒಂದು ರೂಮಿಗೆ ಒಂದು ರಾತ್ರಿಗೆ ಸಾವಿರಗಟ್ಲೆ ತಗೊಳ್ಳೋರು ನಿಮಗೂ ದುಡ್ಡು ಕೊಡ್ಲಿ. ಅಲ್ಲಿ ನಿಮ್ಮಪ್ಪ ಹೇಳಿದ್ದೇ ಸರಿ, ಅದು ಬಿಟ್ಟಿ ಚಾಕರಿ. ಪ್ರೊ ಬೋನೋ ಅನ್ನೋದು ಲ್ಯಾಟಿನ್ ಮಾತು, ಪೂರ್ತಿ ಹೇಳಿದ್ರೆ ಪ್ರೊ ಬೋನೋ ಪಬ್ಲಿಕೊ, ಸಾರ್ವಜನಿಕರ ಒಳಿತಿಗೆ ಅಂತ. ವಕೀಲರು ಫೀಸ್ ಇಲ್ದೆ ಕೇಸ್ ನಡೆಸೋದಕ್ಕೆ ಹೇಳ್ತಿದ್ದ ಮಾತು ಈಗ ಎಲ್ಲಾ ಕಸುಬಿಗೂ ಬಂದಿದೆ. ನಾನು ನೋಡೋದು ಒಂದೇ: ನಾವು ಮಾಡ್ಲಿಲ್ಲ ಅಂದ್ರೆ ಅವ್ರು ದುಡ್ಡು ಕೊಟ್ಟು ಬೇರೆಯವ್ರ ಹತ್ರ ಮಾಡಿಸ್ತಾರಾ, ಇಲ್ಲಾ ಆ ಕೆಲಸ ಹಂಗೇ ನಿಂತುಹೋಗುತ್ತಾ? ನಿಂತುಹೋಗೋ ಕೆಲಸಕ್ಕೆ ಹೋಗಿ.

ಇನ್ನೊಂದು, ಇದು ಶ್ರಮದಾನಾನೂ ಅಲ್ಲ. ಎನ್‌ಎಸ್‌ಎಸ್ ಕ್ಯಾಂಪಲ್ಲಿ ಚರಂಡಿ ತೆಗೆಯೋದು ಒಳ್ಳೇದೇ, ನಾನೂ ತೆಗ್ದಿದೀನಿ, ಆದ್ರೆ ಅದಕ್ಕೆ ಬಿಕಾಂ ಬೇಕಿಲ್ಲ. ನೀವು ಮೂರು ವರ್ಷ ಕಲಿತದ್ದನ್ನ ಕೊಟ್ರೆ ಮಾತ್ರ ಅದಕ್ಕೆ ಈ ಹೆಸರು.

2018ರ ಆಗಸ್ಟ್ ಮಳೆ ನೆನಪಿದ್ಯಲ್ಲ, ಮಕ್ಕಂದೂರು, ಜೋಡುಪಾಲ ಕಡೆ ಎಲ್ಲಾ ಗುಡ್ಡ ಜಾರಿದ್ದು. ಆಗ ನಾನು ವರದಿಗೆ ಅಂತ ಮಡಿಕೇರಿಯ ಒಂದು ಪರಿಹಾರ ಕೇಂದ್ರಕ್ಕೆ ಹೋಗಿದ್ದೆ, ಹಳೇ ಬಟ್ಟೆ ಗುಡ್ಡದಷ್ಟು ಬಿದ್ದಿತ್ತು, ಯಾರಿಗೂ ಬೇಡ. ಜನ ಕ್ಯೂ ನಿಂತಿದ್ದು ಮೂಲೇಲಿ ಒಂದು ಟೇಬಲ್ ಹಾಕ್ಕೊಂಡು ಅರ್ಜಿ ಬರೀತಿದ್ದ ನಾಲ್ಕು ಕಾಲೇಜು ಹುಡುಗ್ರ ಮುಂದೆ. ಆಧಾರ್ ಮಣ್ಣಲ್ಲಿ ಹೋಗಿದೆ, ಮಕ್ಕಳ ಮಾರ್ಕ್ಸ್ ಕಾರ್ಡ್ ಹೋಗಿದೆ, ಜಮೀನಿನ ಪಹಣಿ, ಅಂದ್ರೆ ಆರ್‌ಟಿಸಿ ತೆಗೆಸಿದ್ರೆ ಅದ್ರಲ್ಲಿ ಯಾವಾಗ್ಲೋ ತೀರಿಹೋದ ಅಜ್ಜನ ಹೆಸರು, ಪೌತಿ ಖಾತೆನೇ ಆಗಿಲ್ಲ, ಅಂದ್ರೆ ಜಮೀನು ವಾರಸುದಾರರ ಹೆಸರಿಗೆ ಬಂದೇ ಇಲ್ಲ. ಕೆಲವು ಅಜ್ಜಂದಿರು ಕೊಡವ ತಕ್ಕಲ್ಲಿ ಹೇಳೋರು, ಕೆಲವ್ರು ಅರೆಭಾಷೇಲಿ, ಫಾರಂ ಮಾತ್ರ ಆಫೀಸ್ ಕನ್ನಡದಲ್ಲಿ. ಅದ್ರಲ್ಲೊಬ್ಬ ಹುಡುಗ ಸರ್ವೆ ನಂಬರ್ ಬರೆದು ಹಿಸ್ಸಾ ನಂಬರ್, ಅಂದ್ರೆ ಆ ಸರ್ವೆ ನಂಬರಿನೊಳಗಿನ ಭಾಗದ ನಂಬರ್ ಬಿಟ್ಟ, ಆ ಅರ್ಜಿ ವಾಪಸ್ ಬಂತು, ಪಾಪ ಆ ಮುದುಕ್ರು ಮತ್ತೆ ಕ್ಯೂ. ಆಮೇಲೆ ಕಂದಾಯ ಇಲಾಖೇಲಿ ಇದ್ದು ರಿಟೈರ್ ಆದ ಒಬ್ರನ್ನ ಪಕ್ಕದಲ್ಲಿ ಕೂರಿಸ್ಕೊಂಡ್ರು, ಅವ್ರು ಓದಿ ಸರಿ ಅನ್ನೋವರ್ಗೂ ಒಂದು ಅರ್ಜಿನೂ ಮುಂದೆ ಹೋಗ್ತಿರ್ಲಿಲ್ಲ. ಆ ಹುಡುಗ ಹದಿನೈದು ದಿನದಲ್ಲಿ ಕಲ್ತದ್ದು ಯಾವ ಕ್ಲಾಸಲ್ಲೂ ಸಿಗಲ್ಲ. ಆದ್ರೆ ಕಲಿಕೆಯ ಖರ್ಚು ಬಿದ್ದಿದ್ದು ಆ ಮುದುಕ್ರ ಮೇಲೆ, ಅದಕ್ಕೇ ನಿಮ್ಮ ಕೆಲಸ ಒಮ್ಮೆ ನೋಡೋ ಹಿರಿಯರೊಬ್ರು ಇಲ್ದೆ ಶುರು ಮಾಡ್ಲೇಬೇಡಿ. ನಿಮ್ಮ ಲೆಕ್ಚರರ್ ಆದ್ರೂ ಸರಿ.

ನಿಮಗೆ ಹೊಂದೋ ಕೆಲಸ ಅಂದ್ರೆ ನನ್ನ ಪ್ರಕಾರ ನಿಮ್ಮೂರ ಮಹಿಳಾ ಸ್ವಸಹಾಯ ಸಂಘದ ಲೆಕ್ಕ. ಹತ್ತರಿಂದ ಇಪ್ಪತ್ತು ಜನರ ಸಂಘ, ಉಳಿತಾಯ, ಒಳಗೊಳಗೇ ಸಾಲ, ಮರುಪಾವತಿ ಎಲ್ಲಾ ನಡೀತಿರುತ್ತೆ, ಪುಸ್ತಕ ಮಾತ್ರ ಮೂರು ತಿಂಗಳು ಹಿಂದೆ. ಪಂಚಸೂತ್ರ ಅಂತ ಅವ್ರು ಹೇಳ್ತಾರಲ್ಲ, ಸಭೆ, ಉಳಿತಾಯ, ಆಂತರಿಕ ಸಾಲ, ಮರುಪಾವತಿ, ಪುಸ್ತಕ ನಿರ್ವಹಣೆ, ಬ್ಯಾಂಕಿನವ್ರು ಸಾಲ ಕೊಡೋವಾಗ ಇದನ್ನೇ ನೋಡೋದು. ನೀವು ಪಾಸ್‌ಬುಕ್ಕಿಗೂ ಲೆಡ್ಜರಿಗೂ ತಾಳೆ ನೋಡಿ, ವ್ಯತ್ಯಾಸ ಎಲ್ಲಿ ಅಂತ ಹುಡುಕಿ. ಕಾಲೇಜಲ್ಲಿ ಬಿಆರ್‌ಎಸ್ ಅಂತ ಬ್ಯಾಂಕ್ ಹೊಂದಾಣಿಕೆ ಪಟ್ಟಿ ಮಾಡ್ತೀರಲ್ಲ, ಅದೇ ಇದು, ಆದ್ರೆ ಇಲ್ಲಿ ಎರಡು ಕಡೆ ಟೋಟಲ್ ಸೇರ್ಲಿಲ್ಲ ಅಂದ್ರೆ ಇಬ್ರು ಅಕ್ಕಂದಿರು ಮಾತು ಬಿಡ್ತಾರೆ. ಬರೆದುಕೊಟ್ಟು ಬರ್ಬೇಡಿ, ಅವ್ರಲ್ಲೇ ಒಬ್ಬರಿಗೆ ಬರೆಯೋಕೆ ಕಲಿಸಿ ಬನ್ನಿ, ಇಲ್ಲಾಂದ್ರೆ ನೀವು ಕೆಲಸಕ್ಕೆ ಅಂತ ಮೈಸೂರಿಗೆ ಹೋದ ದಿನಾನೇ ಪುಸ್ತಕ ಮತ್ತೆ ನಿಲ್ಲುತ್ತೆ. ಕಾಫಿ ಕುಯ್ಲಿನ ಟೈಮಲ್ಲಿ, ಅಂದ್ರೆ ಹುತ್ತರಿ ಹಬ್ಬ ಕಳೆದು ಫೆಬ್ರವರಿವರೆಗೆ, ಹಗಲು ಹೋದ್ರೆ ಯಾರೂ ಸಿಗಲ್ಲ, ಸಂಜೆ ಸಭೆಗೇ ಹೋಗಿ.

ಲಾ ಓದೋ ಫ್ರೆಂಡ್ ಇದ್ರೆ ಅವ್ರಿಗೂ ಹೇಳಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಪ್ಯಾರಾ ಲೀಗಲ್ ವಾಲಂಟಿಯರ್, ಅಂದ್ರೆ ಜನಕ್ಕೆ ಕಾನೂನು ನೆರವು ಸಿಗೋ ಹಾಗೆ ಮಾಡೋ ಸ್ವಯಂಸೇವಕರು ಆಗ್ಬೋದು. 1987ರ ಕಾಯ್ದೆ ಪ್ರಕಾರ ಹೆಂಗಸ್ರಿಗೆ, ಪರಿಶಿಷ್ಟ ಜಾತಿ-ಪಂಗಡದವ್ರಿಗೆ, ಪ್ರಕೃತಿ ವಿಕೋಪದಲ್ಲಿ ನೊಂದವ್ರಿಗೆ ಎಲ್ಲಾ ವಕೀಲರು ಫ್ರೀಯಾಗಿ ಸಿಗ್ತಾರೆ, 15100ಕ್ಕೆ ಫೋನ್ ಮಾಡಿದ್ರೂ ಆಗುತ್ತೆ, ಆದ್ರೆ ಆದಿವಾಸಿಗಳ ಹಾಡಿಗಳಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗೆ ಊರ ಹಿರಿಯರ ಹೇಳಿಕೆ ಬರೆದು ಇಟ್ರೆ ಅದೂ ಒಂದು ಸಾಕ್ಷಿ ಅಂತ ನಿಯಮದಲ್ಲೇ ಇದೆ, ಅವ್ರು ಹೇಳಿದ್ದನ್ನ ಹೇಳಿದ ಹಾಗೇ ಬರೆಯೋ ಕೈ ಬೇಕು ಅಷ್ಟೆ. ಕೋರ್ಟಲ್ಲಿ ವಾದ ಮಾಡೋ ಆಸೆ ಸದ್ಯಕ್ಕೆ ಬೇಡ, ವಕೀಲರಾಗಿ ನೋಂದಣಿ ಆಗೋವರ್ಗೂ ಅದಿಲ್ಲ. ನೀವೂ ಅಷ್ಟೆ, ಲೆಕ್ಕ ಬರೀಬೋದು, ಆಡಿಟ್ ಸಹಿ ಸಿಎ ಮಾಡೋದು. ಯಾರದ್ದೇ ಆಧಾರ್, ಪಾಸ್‌ಬುಕ್ ಫೋಟೋ ಮೊಬೈಲಲ್ಲಿ ತೆಗೆದ್ರೂ ಕೆಲಸ ಆದ ದಿನಾನೇ ಡಿಲೀಟ್ ಮಾಡಿ.

ಎಷ್ಟು ದಿನ ಅಂತ ಮೊದ್ಲೇ ಹೇಳ್ಬಿಡಿ, ವಾರಕ್ಕೊಂದು ಸಂಜೆ, ಮೂರು ತಿಂಗಳು. ಪರೀಕ್ಷೆ ಬಂತು ಅಂತ ನಡುವೆ ಕಾಣೆಯಾದ್ರೆ ಹೋಗದೇ ಇದ್ದಿದ್ದಕ್ಕಿಂತ ಕೆಟ್ಟದು.

ರೆಸ್ಯೂಮೆ? ಸಮಾಜಸೇವೇಲಿ ಆಸಕ್ತಿ ಅಂತ ಬರೀಬೇಡಿ, ಅದನ್ನ ಎಲ್ಲರೂ ಬರೀತಾರೆ. ಎಷ್ಟು ಜನರ ಸಂಘ, ಎಷ್ಟು ತಿಂಗಳ ಬಾಕಿ ಲೆಕ್ಕ ಸರಿ ಮಾಡಿದ್ರಿ, ಎಷ್ಟು ಜನಕ್ಕೆ ಕಲಿಸಿದ್ರಿ, ಅಷ್ಟು ಬರೀರಿ. ಸರ್ಟಿಫಿಕೇಟ್ ಬೇಕೇಬೇಕು ಅಂದ್ರೆ ಸಂಘದ ಅಧ್ಯಕ್ಷೆ ಹತ್ರ ಇದೇ ಮಾತುಗಳನ್ನ ಒಂದು ಹಾಳೇಲಿ ಬರೆಸ್ಕೊಂಡು ಸೀಲ್ ಹಾಕಿಸ್ಕೊಳ್ಳಿ. ಪುಸ್ತಕ ಬರೆಯದ ಸಂಘ ಬೇಕಾದಷ್ಟು ನೋಡಿದೀನಿ, ಸೀಲ್ ಇಲ್ದಿರೋ ಸಂಘ ಒಂದೂ ನೋಡಿಲ್ಲ.

– ಸಂ.