ಫ್ಯಾನ್ ತಿರುಗ್ತಿದೆ ಸರಿ, ಗಾಳಿ ಯಾವ ಕಡೆ ಹೋಗ್ತಿದೆ?

ಪ್ರಶ್ನೆ: ಸಾರ್ ನಮಸ್ಕಾರ, ನಂದು ಶಿಡ್ಲಘಟ್ಟ, ರೇಷ್ಮೆ ರೀಲಿಂಗ್ ಮಾಡ್ತೀವಿ. 2014ರ ಪೆಟ್ರೋಲ್ ಕಾರು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, 96 ಸಾವಿರ ಓಡಿದೆ. ಯುಗಾದಿ ಟೈಮಲ್ಲಿ ರೇಡಿಯೇಟರ್ ಲೀಕ್ ಆಗಿ ಹೀಟ್ ಆಯ್ತು, ಹೊಸ ರೇಡಿಯೇಟರ್ ಹಾಕಿದ್ರು, ಫ್ಯಾನ್ ಮೋಟ್ರೂ ಸೌಂಡ್ ಬರ್ತಿದೆ ಅಂತ ಅದನ್ನೂ ಬದಲಾಯ್ಸಿದ್ರು. ಹದಿನೈದು ದಿನಕ್ಕೆ ಮತ್ತೆ ಹೀಟ್. ಥರ್ಮೋಸ್ಟಾಟ್ ಕಿತ್ತು ಬಿಸಾಕಿದ್ರು, ನಮ್ಮ ಕಡೆ ಸೆಕೆಗೆ ಅದು ಬೇಕಾಗಿಲ್ಲ ಅಂದ್ರು. ಆಮೇಲೆ ವಾಟರ್ ಪಂಪ್. ಆಮೇಲೆ ಎಂಜಿನ್ ಮೇಲ್ಭಾಗದ ಹೆಡ್ ಇಳಿಸಿ, ಅದರ ಕೆಳಗಿನ ಸೀಲು, ಗ್ಯಾಸ್ಕೆಟ್. ಇಲ್ಲೀವರೆಗೂ 38 ಸಾವಿರ ಆಯ್ತು. ಈಗ್ಲೂ ಹೈವೇಲಿ ದೇವನಹಳ್ಳಿ ದಾಟೋವರೆಗೂ ಕಾರು ಬೆಣ್ಣೆ ಥರ ಹೋಗುತ್ತೆ, ಹೆಬ್ಬಾಳ ಜಾಮಲ್ಲಿ ನಿಂತ್ರೆ ಮುಳ್ಳು ಮೇಲಕ್ಕೆ. ನಂದಿ ಬೆಟ್ಟ ಹತ್ತೋವಾಗ್ಲೂ ಅಷ್ಟೇ. ಫ್ಯಾನ್ ತಿರುಗುತ್ತೆ, ನಾನೇ ಬಾನೆಟ್ ಎತ್ತಿ ನೋಡಿದೀನಿ. ಸಿಗ್ನಲ್‌ನಲ್ಲಿ ಏಸಿನೂ ತಣ್ಣಗೆ ಬರಲ್ಲ, ಅದಕ್ಕೆ ಗ್ಯಾಸ್ ತುಂಬಿಸ್ಬೇಕು, ಅದು ಬಿಡಿ. ಈಗ ಎಂಜಿನ್ನೇ ಬದಲಾಯ್ಸಿ ಅಂತಿದಾರೆ. ಏನ್ ಮಾಡ್ಲಿ?

ಉತ್ತರ: ಎಂಜಿನ್ ಬದಲಾಯಿಸ್ಬೇಡಿ, ಮೊದ್ಲು ಒಂದು ಊದುಬತ್ತಿ ಹಚ್ಚಿ. ತಮಾಷೆ ಅಲ್ಲ, ಹೇಳ್ತೀನಿ ಇರಿ.

ನೀವು "ಅದು ಬಿಡಿ" ಅಂತ ಬರೆದಿದೀರಲ್ಲ ಏಸಿ ವಿಷಯ, ನಿಮ್ಮ ಪತ್ರದಲ್ಲಿ ನಂಗೆ ಎಲ್ಲಕ್ಕಿಂತ ಮುಖ್ಯ ಅನ್ಸಿದ್ದು ಅದೇ. ಏಸಿದು ಒಂದು ಕಂಡೆನ್ಸರ್ ಇರುತ್ತೆ, ಏಸಿ ಬಿಸಿನ ಹೊರಗೆ ಬಿಡೋದು ಅದೇ, ರೇಡಿಯೇಟರ್ ಮುಂದೆ ಅಂಟ್ಕೊಂಡ ಹಾಗೆ ಕೂತಿರುತ್ತೆ, ಎರಡಕ್ಕೂ ಗಾಳಿ ಒಂದೇ. ಗಾಡಿ ಓಡ್ತಿದ್ರೆ ಗಾಳಿ ತಾನಾಗೇ ಗ್ರಿಲ್ ಒಳಗೆ ನುಗ್ಗುತ್ತೆ, ನಿಂತಾಗ ಮಾತ್ರ ಫ್ಯಾನ್ ಎಳೀಬೇಕು. ನಿಮ್ಮ ಕಾರು ಓಡುವಾಗ ಎರಡೂ ಸರಿ, ನಿಂತಾಗ ಎರಡೂ ಕೆಡ್ತವೆ. ಗ್ಯಾಸ್ ತುಂಬಾ ಕಮ್ಮಿ ಆಗಿದ್ರೆ ಹೈವೇಲೂ ಏಸಿ ಸರಿಯಾಗಿ ತಣ್ಣಗೆ ಬರ್ತಿರ್ಲಿಲ್ಲ. ಬೆಟ್ಟದ ಕಥೆನೂ ಇದೇ: ನಂದಿ 1478 ಮೀಟರ್ ಎತ್ತರ, ಆ ತಿರುವುಗಳಲ್ಲಿ ಸೆಕೆಂಡ್ ಗೇರಲ್ಲಿ ಎಂಜಿನ್ ಫುಲ್ ದುಡೀತಿರುತ್ತೆ, ಗಾಡಿ ಸ್ಪೀಡ್ ಮಾತ್ರ ಸೈಕಲ್‌ಗಿಂತ ಸ್ವಲ್ಪ ಜಾಸ್ತಿ, ಅಂದ್ರೆ ಬಿಸಿ ಜಾಸ್ತಿ ಗಾಳಿ ಕಮ್ಮಿ.

ಈಗ ನಿಮ್ಮ 38 ಸಾವಿರದ ಲೆಕ್ಕ ನೋಡಿ. ರೇಡಿಯೇಟರ್, ಥರ್ಮೋಸ್ಟಾಟ್, ಪಂಪು, ಗ್ಯಾಸ್ಕೆಟ್, ಎಲ್ಲಾ ನೀರಿನ ಕಡೆಯವು. ಗಾಳಿ ಕಡೆ ಬದಲಾಯ್ಸಿದ್ದು ಒಂದೇ ಒಂದು, ಫ್ಯಾನ್ ಮೋಟ್ರು, ಅದಾದ ಹದಿನೈದೇ ದಿನಕ್ಕೆ ತಾನೇ ಈ ಎರಡನೇ ಕಾಯಿಲೆ ಶುರುವಾಗಿದ್ದು? ನನ್ನ ಲೆಕ್ಕದಲ್ಲಿ ಯುಗಾದಿಲಿ ಆದ ಹೀಟೇ ಬೇರೆ, ಈಗಿನ ಹೀಟೇ ಬೇರೆ. ಮೊದಲನೇದು ನಿಜವಾಗ್ಲೂ ಲೀಕು, ಅದು ವಾಸಿ ಆಯ್ತು, ವಾಸಿ ಮಾಡೋ ಕೈಯಲ್ಲೇ ಎರಡನೇದು ಒಳಗೆ ಬಂತು. ಆದ್ರೆ ಹೊರಗೆ ಕಾಣೋದು ಒಂದೇ ಮುಳ್ಳು ನೋಡಿ, ಅದಕ್ಕೆ ಎಲ್ರೂ ಹಳೇ ಕಾಯಿಲೆ ಬಿಟ್ಟಿಲ್ಲ ಅನ್ಕೊಂಡು ಒಂದೊಂದೇ ಪಾರ್ಟ್ ಬದಲಾಯ್ಸ್ತಾ ಹೋಗಿದಾರೆ.

ಫ್ಯಾನ್ ತಿರುಗೋದು ನೋಡಿದೀನಿ ಅಂದ್ರಿ. ಯಾವ ದಿಕ್ಕಿಗೆ? ಅದು ಡಿಸಿ ಮೋಟ್ರು, ಎರಡು ವೈರ್ ಅದಲು ಬದಲು ಆದ್ರೆ ಅಷ್ಟೇ ಜೋರಾಗಿ, ಅಷ್ಟೇ ಸೌಂಡ್ ಮಾಡ್ಕೊಂಡು ಉಲ್ಟಾ ತಿರುಗುತ್ತೆ. ಕಂಪನಿ ಮೋಟ್ರು ಆದ್ರೆ ಕನೆಕ್ಟರ್ ಉಲ್ಟಾ ಕೂರೋದೇ ಇಲ್ಲ, ಲೋಕಲ್ ಮೋಟ್ರು ತಂದಾಗ ಕನೆಕ್ಟರ್ ಮ್ಯಾಚ್ ಆಗ್ದೆ ಕತ್ತರಿಸಿ, ವೈರ್ ತಿರುಚಿ, ಕರೀ ಟೇಪ್ ಸುತ್ತಿಬಿಡ್ತಾರಲ್ಲ, ಅಲ್ಲಿ ಆಗೋದು ಇದು. ಉಲ್ಟಾ ತಿರುಗಿದ್ರೆ ಎಂಜಿನ್ ಬಿಸಿಗಾಳಿನ ರೇಡಿಯೇಟರ್ ಮೇಲೆ ಊದುತ್ತೆ, ರೆಕ್ಕೆ ಬಾಗಿರೋದು ಇನ್ನೊಂದು ಕಡೆಗೆ ಆದ್ರಿಂದ ಆ ಊದೋದೂ ಅರ್ಧಂಬರ್ಧ.

ಊದುಬತ್ತಿ ಇದಕ್ಕೇ. ಪೆಟ್ರೋಲ್ ವಾಸನೆ ಏನೂ ಬರ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡು, ಗಾಳಿ ಇಲ್ದಿರೋ ಕಡೆ ಗಾಡಿ ನಿಲ್ಸಿ, ಸ್ಟಾರ್ಟ್ ಮಾಡಿ ಏಸಿ ಹಾಕಿ. ಏಸಿ ಹಾಕಿದ್ರೆ ಬಹಳಷ್ಟು ಕಾರಲ್ಲಿ ಫ್ಯಾನೂ ಓಡುತ್ತೆ. ಗ್ರಿಲ್ ಮುಂದೆ ಒಂದು ಗೇಣು ದೂರದಲ್ಲಿ ಊದುಬತ್ತಿ ಹಿಡೀರಿ. ಹೊಗೆ ಗ್ರಿಲ್ ಒಳಗೆ ಸರ್ ಅಂತ ಹೋಗ್ಬೇಕು. ನಿಮ್ಮ ಮುಖಕ್ಕೆ ಬಂತೋ, ಕಳ್ಳ ಸಿಕ್ದ. ಊದುಬತ್ತಿ ಬೇಡ ಅಂದ್ರೆ ನ್ಯೂಸ್‌ಪೇಪರಿನ ಒಂದು ಹಾಳೆ ಗ್ರಿಲ್‌ಗೆ ಹಿಡೀರಿ, ಕೈ ಬಿಟ್ರೂ ಅಂಟ್ಕೊಂಡು ನಿಂತ್ಕೋಬೇಕು. ಉಲ್ಟಾ ಆಗಿದ್ರೆ ಎರಡು ವೈರ್ ಬದಲಾಯ್ಸೋಕೆ ಹತ್ತು ನಿಮಿಷ ಸಾಕು, ಆದ್ರೆ ಟೇಪ್ ಸುತ್ತಿಸ್ಬೇಡಿ, ಸರಿಯಾದ ಕನೆಕ್ಟರ್ ಹಾಕ್ಸಿ, ಆ ಜಾಯಿಂಟ್ ಬಿಸಿಯಾಗಿ ಕರಗಿದ್ರೆ ಆಮೇಲೆ ಫ್ಯಾನೇ ನಿಂತೋಗುತ್ತೆ.

ಹೊಗೆ ಒಳಗೇ ಹೋಗ್ತಿದೆ ಆದ್ರೆ ಸೋಮಾರಿ ಥರ ಹೋಗ್ತಿದೆ ಅಂದ್ರೆ ಇನ್ನೊಂದೆರಡು ನೋಡಿ. ಫ್ಯಾನ್ ಸುತ್ತ ಒಂದು ಪ್ಲಾಸ್ಟಿಕ್ ಕವರ್ ಇರ್ಬೇಕು, ರೇಡಿಯೇಟರ್ ಬಿಚ್ಚಿ ಹಾಕೋವಾಗ ಅದರ ಕ್ಲಿಪ್ ಮುರಿದು ಅದನ್ನ ಮೂಲೇಲಿ ಬಿಸಾಕಿರ್ತಾರೆ, ಅದಿಲ್ಲ ಅಂದ್ರೆ ಫ್ಯಾನು ಪಕ್ಕದ ಬಿಸಿಗಾಳಿನೇ ಸುತ್ತಿಸ್ತಾ ಇರುತ್ತೆ. ಆಮೇಲೆ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ಮಧ್ಯದ ಸಂದಿ. ಅಲ್ಲಿಗೆ ಟಾರ್ಚ್ ಬಿಟ್ಟು ನೋಡಿ, ನಮ್ಮ ಕಡೆ ಹೊಲದ ಧೂಳು, ಹುಲ್ಲಿನ ಬೀಜ, ಚಿಟ್ಟೆ ರೆಕ್ಕೆ ಎಲ್ಲಾ ಸೇರಿ ಕಂಬಳಿ ಹೊದ್ಸಿದ ಹಾಗೆ ಕೂತಿರುತ್ತೆ, ಮುಂದಿನಿಂದ ನೋಡಿದ್ರೆ ಫಳಫಳ ಅಂತಿರುತ್ತೆ. ಎಂಜಿನ್ ಕಡೆಯಿಂದ ಮುಂದಕ್ಕೆ, ಗಿಡಕ್ಕೆ ನೀರು ಬಿಡೋ ಪೈಪಲ್ಲಿ ನಿಧಾನವಾಗಿ ತೊಳೀರಿ. ವಾಟರ್ ಸರ್ವಿಸ್‌ನ ಪ್ರೆಷರ್ ಗನ್ ಬೇಡ, ತೆಳು ತಗಡಿನ ಫಿನ್ನುಗಳು ಮಲಗಿಬಿಡ್ತವೆ. ನಾನೇ ಒಂದ್ಸಲ ಹಳೇ ಜೀಪಿಗೆ ಹೀಟ್ ಅಂತ ಹೆಡ್ಡೇ ಇಳಿಸಿದ್ದೆ, ಕೊನೆಗೆ ನೋಡಿದ್ರೆ ಶೋಕಿಗೆ ಅಂತ ನಾನೇ ಗ್ರಿಲ್ ಮುಂದೆ ಕಟ್ಟಿದ್ದ ಎರಡು ದೊಡ್ಡ ಲೈಟು, ಎರಡು ಹಾರ್ನು ಗಾಳಿಗೆ ಅಡ್ಡ. ಈಗ್ಲೂ ನಮ್ಮನೇಲಿ ಅದನ್ನ ಹೇಳಿ ನಗ್ತಾರೆ.

ಥರ್ಮೋಸ್ಟಾಟ್ ಮಾತ್ರ ವಾಪಸ್ ಹಾಕ್ಸಿ. ನಮ್ಮ ಕಡೆ ಸೆಕೆ, ಅದು ಬೇಡ ಅನ್ನೋದು ಹಳೇ ಗ್ಯಾರೇಜ್ ಮಾತು. ಅದು ಎಂಜಿನ್ ನೀರನ್ನ ರೇಡಿಯೇಟರ್‌ಗೆ ಬಿಡೋ, ಸುಮಾರು 82ರಿಂದ 88 ಡಿಗ್ರಿ ಹತ್ರ ತೆರ್ಕೊಳ್ಳೋ ಬಾಗಿಲು. ಕಿತ್ತುಹಾಕಿದ್ರೆ ಎಂಜಿನ್ ಬೇಗ ಬಿಸಿಯಾಗಲ್ಲ, ತಣ್ಣಗಿದೆ ಅಂತ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಡುತ್ತೆ, ಮೈಲೇಜ್ ಬೀಳುತ್ತೆ. ಇನ್ನು ಕೆಲವು ಎಂಜಿನ್ನಲ್ಲಿ ಆ ವಾಲ್ವೇ ಬಿಸಿಯಾದ ಮೇಲೆ ಬೈಪಾಸ್ ದಾರಿ ಮುಚ್ಚೋದು, ಅದಿಲ್ಲ ಅಂದ್ರೆ ಒಂದಷ್ಟು ನೀರು ರೇಡಿಯೇಟರ್‌ಗೆ ಹೋಗ್ದೆ ಎಂಜಿನ್ನಲ್ಲೇ ಸುತ್ತುತ್ತೆ.

ರೇಡಿಯೇಟರ್‌ಗೆ ಏನು ಹಾಕ್ತಿದೀರ ಅಂತ ನೀವು ಬರೆದಿಲ್ಲ, ಬೋರ್‌ವೆಲ್ ನೀರೇ ಇರ್ಬೇಕು ಅನ್ಕೊಂಡಿದೀನಿ. ರೀಲಿಂಗ್ ಮಾಡೋರಿಗೆ ನಾನು ಗಡಸು ನೀರಿನ ಪಾಠ ಹೇಳ್ಬೇಕಾ? ನಿಮ್ಮ ಬಾಯ್ಲರ್ ಒಳಗೆ ಬಿಳೀ ಹಕ್ಕಳೆ ಕಟ್ಟುತ್ತಲ್ಲ, ಅದೇ ಹಕ್ಕಳೆ ರೇಡಿಯೇಟರ್‌ನ ಸಣ್ಣ ಟ್ಯೂಬ್‌ಗಳಲ್ಲೂ ಕಟ್ಟುತ್ತೆ, ಹೊಸದಾದ್ರೂ ಕಟ್ಟುತ್ತೆ. ಜೊತೆಗೆ ಬರೀ ನೀರು, ನಮ್ಮ 900 ಮೀಟರ್ ಆಸುಪಾಸಿನ ಎತ್ತರದಲ್ಲಿ, ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಒಳಗೆ ಪ್ರೆಷರ್ ಹಿಡ್ಕೊಂಡು ಆ ಕುದಿಯೋದನ್ನ ಇಪ್ಪತ್ತು ಡಿಗ್ರಿ ಹತ್ರ ಮೇಲಕ್ಕೆ ತಳ್ಳೋದು ರೇಡಿಯೇಟರ್ ಕ್ಯಾಪು, ಅದರ ಮೇಲೆ 0.9 ಅಂತಲೋ 1.1 ಅಂತಲೋ ಬರೆದಿರುತ್ತೆ, ರಬ್ಬರ್ ಒಡೆದಿದ್ರೆ ಅದೇ ನಂಬರಿನ ಹೊಸದು ಹಾಕಿ, ಇಷ್ಟೊಂದು ಪಾರ್ಟ್ ಬದಲಾಯ್ಸಿರೋರು ಅದನ್ನ ಮಾತ್ರ ಮುಟ್ಟಿಲ್ಲ ನೋಡಿ. ಕೂಲಂಟು ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧ ಅರ್ಧ ಹಾಕಿ, ಏರ್ ಎಲ್ಲಾ ಹೋಗೋ ಹಾಗೆ ಬ್ಲೀಡ್ ಮಾಡ್ಸಿ.

ಕೊನೇಲಿ ಒಂದು ಭಯ ಇದೆ. ಇಷ್ಟು ಸಲ ಹೀಟ್ ಆಗಿರೋ ಹೆಡ್ಡು ಈಗ ನಿಜವಾಗ್ಲೂ ಬೆಂಡ್ ಆಗಿರಬಹುದು. ಫ್ಯಾನ್ ಸರಿ ಮಾಡಿಸಿದ ಮೇಲೆ ಬೆಳಗ್ಗೆ ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡಿ, ಒಂದೆರಡು ನಿಮಿಷದಲ್ಲಿ ರೇಡಿಯೇಟರ್‌ನ ಮೇಲಿನ ರಬ್ಬರ್ ಹೋಸ್ ಹಿಸುಕಿ ನೋಡಿ. ಇನ್ನೂ ತಣ್ಣಗಿರುವಾಗ್ಲೇ ಕಲ್ಲಿನ ಥರ ಗಟ್ಟಿ ಆದ್ರೆ, ಅಥವಾ ಆಯಿಲ್ ಮಜ್ಜಿಗೆ ಥರ ಆಗಿದ್ರೆ ಗ್ಯಾಸ್ಕೆಟ್ ಅನುಮಾನ ನಿಜ. ಆಗ್ಲೂ ಹೆಡ್ ಇಳಿಸೋ ಮುಂಚೆ ಬ್ಲಾಕ್ ಟೆಸ್ಟ್ ಕೇಳಿ: ನೀಲಿ ದ್ರವ ಇರೋ ಒಂದು ಗಾಜಿನ ಕೊಳವೆನ ರೇಡಿಯೇಟರ್ ಬಾಯಿಗೆ ಇಡ್ತಾರೆ, ಸುಟ್ಟ ಗ್ಯಾಸ್ ನೀರಿಗೆ ಬರ್ತಿದ್ರೆ ಬಣ್ಣ ಹಳದಿಗೆ ತಿರುಗುತ್ತೆ. ನೀಲಿ ನೀಲಿಯಾಗೇ ಇದ್ರೆ ಸ್ಪ್ಯಾನರ್ ಕೆಳಗಿಡ್ಸಿ.

ಪ್ರಶ್ನೆ: ಮುಳಬಾಗಿಲು ಕಡೆಯಿಂದ ಕೋಲಾರಕ್ಕೆ ಟೊಮೆಟೊ ಲೋಡ್ ಹಾಕ್ಕೊಂಡು ಬರುವಾಗ ನಮ್ಮ ಸಣ್ಣ ಗೂಡ್ಸ್ ಗಾಡಿ ಕುದ್ದುಬಿಡುತ್ತೆ ಅಣ್ಣ. ದಾರೀಲಿ ಏನ್ ಮಾಡೋದು? ಅರಿಶಿನ ಪುಡಿ ಹಾಕಿದ್ರೆ ಲೀಕ್ ನಿಲ್ಲುತ್ತೆ ಅಂತಾರೆ, ನಿಜಾನಾ?

ಉತ್ತರ: ಅರಿಶಿನ ನಿಲ್ಸುತ್ತೆ, ಸಣ್ಣ ತೂತಾದ್ರೆ ಟೊಮೆಟೊ ಮಂಡಿ ಮುಟ್ಟೋವರೆಗೂ ಬರುತ್ತೆ, ಡ್ರೈವರ್‌ಗಳು ಹಿಂದಿನಿಂದ್ಲೂ ಮಾಡ್ಕೊಂಡು ಬಂದಿರೋದೇ. ಆದ್ರೆ ಅದಕ್ಕೆ ಲೀಕ್ ಯಾವುದು ಟ್ಯೂಬ್ ಯಾವುದು ಅಂತ ಗೊತ್ತಾಗಲ್ಲ ತಮ್ಮಾ, ಎರಡನ್ನೂ ಮುಚ್ಚುತ್ತೆ. ಒಂದ್ಸಲ ಹಾಕಿದ್ಮೇಲೆ ಆ ವಾರದಲ್ಲೇ ರೇಡಿಯೇಟರ್ ಬಿಚ್ಚಿ ತೊಳೆಸ್ಬೇಕು, ಇಲ್ಲಾಂದ್ರೆ ಮುಂದಿನ ಹೀಟಿಗೆ ಅದೇ ಕಾರಣ.

ಮುಳ್ಳು ಏರ್ತಿದೆ ಅಂದ ತಕ್ಷಣ ಏಸಿ ಇದ್ರೆ ಆಫ್ ಮಾಡಿ, ಹೀಟರ್ ಇದ್ರೆ ಫುಲ್ ಬಿಸಿಗೆ ತಿರುಗ್ಸಿ ಬ್ಲೋಯರ್ ಜೋರಾಗಿ ಹಾಕಿ, ಕಿಟಕಿ ಇಳ್ಸಿ. ಬೆವರು ಕಿತ್ಕೊಂಡು ಬರುತ್ತೆ, ಬರ್ಲಿ, ಹೀಟರೂ ಒಂದು ಸಣ್ಣ ರೇಡಿಯೇಟರ್ರೇ. ಕೆಂಪಿಗೆ ಮುಟ್ಟಿದ್ರೆ ಅಥವಾ ಹೊಗೆ ಬಂದ್ರೆ ಪಕ್ಕಕ್ಕೆ ಹಾಕಿ ಆಫ್ ಮಾಡಿ, ಮಂಡಿಗೆ ಲೇಟಾದ್ರೆ ಆಗ್ಲಿ. ಕ್ಯಾಪ್ ಮುಟ್ಬೇಡಿ, ಬಟ್ಟೆ ಸುತ್ಕೊಂಡು ತೆಗೀತೀನಿ ಅನ್ನೋದೂ ಬೇಡ, ಪ್ರೆಷರ್ ಇರೋ ಕುದಿನೀರು ಮುಖಕ್ಕೇ ಹಾರೋದು. ಅರ್ಧ ಮುಕ್ಕಾಲು ಗಂಟೆ ಬಿಟ್ಟು, ಹೋಸ್ ಹಿಸುಕಿದ್ರೆ ಮೆತ್ತಗಾದ ಮೇಲೆ ತೆಗೀರಿ. ಕಾದ ಎಂಜಿನ್‌ಗೆ ಒಂದೇ ಸಲ ತಣ್ಣೀರು ಸುರಿದ್ರೆ ಹೆಡ್ ಕ್ರ್ಯಾಕ್ ಬಿಡಬಹುದು, ಎಂಜಿನ್ ಸ್ಟಾರ್ಟ್ ಮಾಡ್ಕೊಂಡು ಸ್ವಲ್ಪ ಸ್ವಲ್ಪ ಹಾಕಿ. ಅವತ್ತಿಗೆ ಬೋರ್ ನೀರಾದ್ರೂ ಪರ್ವಾಗಿಲ್ಲ.

ಪ್ರಶ್ನೆ: ಹಸಿರು ಕೂಲಂಟ್ ಇರೋದಕ್ಕೆ ಕೆಂಪು ಹಾಕಬಹುದಾ? – ಗೌರಿಬಿದನೂರಿನ ಓದುಗರು

ಉತ್ತರ: ಬಣ್ಣ ನೋಡಿ ತೀರ್ಮಾನ ಮಾಡ್ಬೇಡಿ, ಬಣ್ಣ ಕಂಪನಿಯೋರು ಅವರವರಿಗೆ ಇಷ್ಟ ಬಂದ ಹಾಗೆ ಹಾಕ್ತಾರೆ. ಡಬ್ಬದ ಮೇಲಿರೋ ಟೈಪು ನಿಮ್ಮ ಗಾಡಿ ಮ್ಯಾನ್ಯುಯಲ್‌ಗೆ ಹೊಂದ್ಬೇಕು. ಬೇರೆ ಬೇರೆ ಟೈಪ್ ಬೆರೆತ್ರೆ ತುಕ್ಕು ತಡೆಯೋ ಗುಣ ಕಮ್ಮಿ ಆಗುತ್ತೆ, ಕೆಲವು ಸಲ ಒಳಗೆ ಗಂಜಿ ಥರ ಕಟ್ಟುತ್ತೆ. ಯಾವ್ದು ಹಾಕಿದಾರೋ ಗೊತ್ತಿಲ್ಲ ಅಂದ್ರೆ ಪೂರ್ತಿ ಇಳಿಸಿ, ಫ್ಲಶ್ ಮಾಡ್ಸಿ, ಹೊಸದು ತುಂಬ್ಸಿ. ಇಳಿಸಿದ್ದನ್ನ ಚರಂಡಿಗೋ ಅಂಗಳಕ್ಕೋ ಚೆಲ್ಬೇಡಿ, ಅದು ಸಿಹಿಯಾಗಿರುತ್ತೆ, ನಾಯಿ ನೆಕ್ಕಿದ್ರೆ ಸಾಯುತ್ತೆ.