ಎರಡೂ ಒಟ್ಟಿಗೇ ಸೊನ್ನೆಯಾದರೆ ಅಲೆ ಎಲ್ಲಿ ಹೋಯಿತು?

ಪ್ರಶ್ನೆ: ಮೇಡಂ, ನಾನು ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ವಿದ್ಯುತ್ಕಾಂತೀಯ ಅಲೆಯ ಚಿತ್ರದಲ್ಲಿ ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರ ಎರಡೂ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಸೊನ್ನೆಗೆ ಬರುತ್ತವೆ. ಒಂದು ಬದಲಾದಾಗ ಇನ್ನೊಂದು ಹುಟ್ಟುತ್ತದೆ ಅಂತಲೂ ಓದಿದ್ದೇವೆ. ಹಾಗಿದ್ದರೆ ಒಂದು ಇಳಿದಾಗ ಇನ್ನೊಂದು ಏರಬೇಕಲ್ವಾ? ಎರಡೂ ಸೊನ್ನೆಯಾದ ಜಾಗದಲ್ಲಿ ಶಕ್ತಿ ಎಲ್ಲಿ ಹೋಯಿತು?
– ವಿದ್ಯಾರ್ಥಿನಿ, ರಾಣೆಬೆನ್ನೂರು

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಇದೇ ಪ್ರಶ್ನೆಯನ್ನು ನಾನೂ ಕ್ಲಾಸಿನಲ್ಲಿ ಎದ್ದು ನಿಂತು ಕೇಳಿದ್ದೆ. 'ಪರೀಕ್ಷೆಗೆ ಚಿತ್ರ ಬರೆದರೆ ಸಾಕು, ಕೂತ್ಕೋ' ಅಂದಿದ್ದರು. ಉತ್ತರ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ, ನಾನೇ ಆ ಪಾಠ ಮಾಡಬೇಕಾಗಿ ಬಂದಾಗ. ನೀವು ಅಷ್ಟು ದಿನ ಕಾಯುವುದು ಬೇಡ.

'ಬದಲಾವಣೆ' ಅನ್ನುವ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಫ್ಯಾರಡೆ ನಿಯಮ ಹೇಳುವುದು ಇಷ್ಟು: ಒಂದು ಜಾಗದಲ್ಲಿ ಕಾಂತಕ್ಷೇತ್ರ ಹೊತ್ತಿನಿಂದ ಹೊತ್ತಿಗೆ ಎಷ್ಟು ಬೇಗ ಬದಲಾಗುತ್ತದೋ, ಅಲ್ಲಿ ವಿದ್ಯುತ್ ಕ್ಷೇತ್ರ ಜಾಗದಿಂದ ಜಾಗಕ್ಕೆ ಅಷ್ಟೇ ಕಡಿದಾಗಿ ಬದಲಾಗಬೇಕು. ಈಗ ಚಿತ್ರ ನೋಡಿ. ವಿದ್ಯುತ್ ಕ್ಷೇತ್ರದ ಗೆರೆ ಎಲ್ಲಿ ಅತಿ ಕಡಿದಾಗಿದೆ? ಸೊನ್ನೆಯನ್ನು ದಾಟುವ ಜಾಗದಲ್ಲಿ. ಹಾಗಾಗಿ ಕಾಂತಕ್ಷೇತ್ರ ಅತಿ ಬೇಗ ಬದಲಾಗಬೇಕಾದದ್ದೂ ಅಲ್ಲೇ. ಅದು ಯಾವಾಗ ಅತಿ ಬೇಗ ಬದಲಾಗುತ್ತದೆ? ತಾನೂ ಸೊನ್ನೆ ದಾಟುವಾಗ! ತುದಿಯಲ್ಲಿ ಗೆರೆ ಮಟ್ಟಸ. ಅಲ್ಲಿ ಕಾಂತಕ್ಷೇತ್ರವೂ ಒಂದು ಕ್ಷಣ ಬದಲಾಗದೆ ತನ್ನ ತುದಿಯಲ್ಲಿ ನಿಂತಿರುತ್ತದೆ. ಎರಡೂ ಜೊತೆಯಾಗಿ ನಡೆಯಲೇಬೇಕು, ಬೇರೆ ದಾರಿಯೇ ಇಲ್ಲ.

ಇನ್ನು ಶಕ್ತಿ. ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೀರಿ, ರೈಲು ನಿಲ್ಲದೆ ಹೋಗುತ್ತಿದೆ ಅಂದುಕೊಳ್ಳಿ. ಎರಡು ಬೋಗಿಗಳ ನಡುವಿನ ಸಂದು ನಿಮ್ಮೆದುರು ಬಂದಾಗ 'ಜನ ಎಲ್ಲಿ ಹೋದರು' ಅಂತ ಕೇಳುತ್ತೀರಾ? ಒಂದು ಬೋಗಿಯವರು ಮುಂದೆ ಹೋದರು, ಇನ್ನೊಂದರವರು ಬರುತ್ತಿದ್ದಾರೆ. ಅಲೆಯ ಸೊನ್ನೆಯೂ ಇಂಥ ಸಂದೇ. ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 392 ಮೀಟರ್. ಅಂದರೆ 196 ಮೀಟರಿಗೊಂದು ಸಂದು. ಅಂಥ 15 ಲಕ್ಷಕ್ಕೂ ಜಾಸ್ತಿ ಸಂದುಗಳು ಒಂದೇ ಸೆಕೆಂಡಿನಲ್ಲಿ ನಿಮ್ಮನ್ನು ದಾಟಿ ಹೋಗುತ್ತವೆ.

ನಿಮ್ಮ ಊಹೆ ಸುಳ್ಳಲ್ಲ, ಅದರ ಜಾಗ ಬೇರೆ. ಒಂದು ಇಳಿದಾಗ ಇನ್ನೊಂದು ಏರುವುದು ಸ್ಥಾಯಿ ತರಂಗದಲ್ಲಿ. ಅಲೆ ಲೋಹದ ಗೋಡೆಗೆ ಬಡಿದು ಹಿಂದೆ ಬಂದು, ಹೋಗುವ ಅಲೆಯ ಜೊತೆ ಸೇರಿದಾಗ ಶಕ್ತಿ ಮುಂದಕ್ಕೆ ಹೋಗದೆ ಅಲ್ಲಲ್ಲೇ ತೂಗಾಡುತ್ತದೆ. 1888ರ ಸುಮಾರಿಗೆ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಭೌತವಿಜ್ಞಾನಿ ಹೈನ್ರಿಖ್ ಹರ್ಟ್ಸ್ ಗೋಡೆಗೆ ಸತುವಿನ ತಗಡು ಹೊಡೆದು ಇದನ್ನು ಪತ್ತೆ ಮಾಡಿದರು. ನಾನು ಮಾಡಿದ್ದು ಅಡುಗೆಮನೆಯ ಮೈಕ್ರೋವೇವ್ ಓವನ್ನಿನಲ್ಲಿ. ತಟ್ಟೆ ತಿರುಗದ ಹಾಗೆ ಮಾಡಿ, ಹಸಿ ಹಪ್ಪಳಗಳನ್ನು ಒತ್ತೊತ್ತಾಗಿ ಜೋಡಿಸಿ, ಕೆಲವೇ ಸೆಕೆಂಡು ಓಡಿಸಿದೆ. ಕೆಲವು ಕಡೆ ಗುಳ್ಳೆ ಎದ್ದಿತ್ತು, ನಡುವೆ ಹಸಿಯಾಗಿಯೇ ಇತ್ತು. ಅಕ್ಕಪಕ್ಕದ ಗುಳ್ಳೆ ಕಲೆಗಳ ನಡುವೆ ಸ್ಕೇಲ್ ಇಟ್ಟರೆ ಹೆಚ್ಚುಕಡಿಮೆ 6 ಸೆಂಟಿಮೀಟರ್. ಅದು ಅರ್ಧ ಅಲೆ. ಪೂರ್ತಿ 12 ಸೆಂಟಿಮೀಟರನ್ನು ಓವನ್ನಿನ ಹಿಂದೆ ಬರೆದಿರುವ 2450 ಮೆಗಾಹರ್ಟ್ಸ್‌ನಿಂದ ಗುಣಿಸಿ. ಸೆಕೆಂಡಿಗೆ 2,94,000 ಕಿಲೋಮೀಟರ್! ಬೆಳಕಿನ ವೇಗಕ್ಕೆ ಎಷ್ಟು ಹತ್ತಿರ ನೋಡಿ. ಕಲೆಗಳು ಸ್ವಲ್ಪ ಅಡ್ಡಾದಿಡ್ಡಿ ಬರುತ್ತವೆ, ಹಾಗಾಗಿ ನಾಲ್ಕೈದು ಸಲ ಅಳೆದು ಸರಾಸರಿ ತೆಗೆಯಿರಿ.

ಮನೆಯಲ್ಲಿ ಹಳೆಯ ಟ್ರಾನ್ಸಿಸ್ಟರ್ ಇದ್ದರೆ ಎಸೆಯಬೇಡಿ. ನಮ್ಮಪ್ಪನ ರೇಡಿಯೋವನ್ನು ಬಾವಿಕಟ್ಟೆಯ ಮೇಲೆ ಒಂದೇ ದಿಕ್ಕಿಗೆ ಇಡಬೇಕಿತ್ತು, ಇಲ್ಲವಾದರೆ ಧಾರವಾಡ ಸರಿಯಾಗಿ ಕೇಳುತ್ತಿರಲಿಲ್ಲ. ಅವರಿಗೆ ಕಾರಣ ಗೊತ್ತಿರಲಿಲ್ಲ, ದಿಕ್ಕು ಮಾತ್ರ ಗೊತ್ತಿತ್ತು. ಒಳಗೆ ತಂತಿ ಸುತ್ತಿದ ಕಪ್ಪು ಫೆರೈಟ್ ಕಡ್ಡಿ ಇರುತ್ತದೆ. ತನ್ನ ಉದ್ದಕ್ಕೆ ಇರುವ ಕಾಂತಕ್ಷೇತ್ರವನ್ನು ಅದು ಹಿಡಿಯುತ್ತದೆ. ಪ್ರಸಾರದ ಕಂಬ ನೆಟ್ಟಗೆ ನಿಂತಿರುವುದರಿಂದ ವಿದ್ಯುತ್ ಕ್ಷೇತ್ರ ಮೇಲೆ-ಕೆಳಗೆ, ಕಾಂತಕ್ಷೇತ್ರ ಅಲೆ ಬರುವ ದಾರಿಗೆ ಅಡ್ಡಲಾಗಿ. ಕಡ್ಡಿಯ ತುದಿಯನ್ನು ಧಾರವಾಡದ ಕಡೆ ತಿರುಗಿಸಿ, ದನಿ ಕುಗ್ಗುತ್ತದೆ. ಅಡ್ಡಲಾಗಿ ಹಿಡಿಯಿರಿ, ತುಂಬಿ ಬರುತ್ತದೆ. ಪುಸ್ತಕದಲ್ಲಿ ಬಾಣ ಹಾಕಿ ತೋರಿಸಿದ ಆ ಲಂಬಕೋನ ನಿಮ್ಮ ಕೈಯಲ್ಲೇ ಸಿಗುತ್ತದೆ. ಮೀಡಿಯಂ ವೇವ್‌ನಲ್ಲೇ ಮಾಡಿ. ಎಫ್‌ಎಂ ಹಿಡಿಯಲು ಆ ಕಡ್ಡಿ ಕೆಲಸಕ್ಕೆ ಬರುವುದಿಲ್ಲ.

ಪ್ರಶ್ನೆ: ಬಿಸಿಲಿನಲ್ಲೂ ವಿದ್ಯುತ್ ಕ್ಷೇತ್ರ ಇದ್ದರೆ ನಮಗೆ ಶಾಕ್ ಯಾಕೆ ಹೊಡೆಯುವುದಿಲ್ಲ?
– ಪಿಯುಸಿ ವಿದ್ಯಾರ್ಥಿ, ಗದಗ

ಉತ್ತರ: ಕ್ಷೇತ್ರವೇನೂ ಸಣ್ಣದಲ್ಲ. ನಡುಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್. ಲೆಕ್ಕ ಹಾಕಿದರೆ ಮೀಟರಿಗೆ 600 ವೋಲ್ಟಿಗೂ ಸ್ವಲ್ಪ ಜಾಸ್ತಿ ಬರುತ್ತದೆ. ಆದರೆ ಅದು ಸೆಕೆಂಡಿಗೆ ನೂರಾರು ಲಕ್ಷ ಕೋಟಿ ಸಲ ಹಿಂದುಮುಂದಾಗುತ್ತದೆ. ಮೈಯಲ್ಲಿರುವ ವಿದ್ಯುತ್ ಕಣಗಳು ಒಂದು ಕಡೆ ಹೊರಡುವ ಮೊದಲೇ ವಾಪಸ್ ಎಳೆಸಿಕೊಳ್ಳುತ್ತವೆ. ಹಾಗಾಗಿ ಶಾಕ್ ಹೊಡೆಯುವಂಥ ಹರಿವು ಆಗುವುದಿಲ್ಲ, ಮೈ ಬಿಸಿಯಾಗುತ್ತದೆ ಅಷ್ಟೆ. ಬಿಸಿಲಿನ ಕಾಂತಕ್ಷೇತ್ರ ಸುಮಾರು 2 ಮೈಕ್ರೋಟೆಸ್ಲಾ. ನಮ್ಮ ನಾಡಿನಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40. ಬಿಸಿಲಿನದು ಅದರ ಇಪ್ಪತ್ತರಲ್ಲಿ ಒಂದು ಪಾಲಾದರೂ ದಿಕ್ಸೂಚಿಯ ಮುಳ್ಳು ಅಲುಗುವುದಿಲ್ಲ, ಅದೇ ಕಾರಣಕ್ಕೆ.