ಬಿರುಗಾಳಿಗೆ ಹಾನಿಯಾದ ಹೆಂಚಿನ ಮನೆಯ ದುರಸ್ತಿಯನ್ನು ಎಲ್ಲಿಂದ ಆರಂಭಿಸಬೇಕು?

ಮಲೆನಾಡಿನ ಹೆಂಚಿನ ಮನೆಯ ಮೇಲೆ ಮರ ಬಿದ್ದಿದ್ದರೆ, ಮಾಡು ಹತ್ತುವ ಮೊದಲು ವಿದ್ಯುತ್ ತಂತಿ ಹರಿದಿದೆಯೇ ಎಂದು ದೂರದಿಂದಲೇ ನೋಡಬೇಕು. ಹರಿದಿದ್ದರೆ ಬಳಿಗೆ ಹೋಗದೆ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿರಿ. ಏನನ್ನೂ ತೆರವು ಮಾಡುವ ಮುನ್ನ ಹಾನಿಯ ಫೋಟೊ ತೆಗೆದು, ಪರಿಹಾರಕ್ಕಾಗಿ ಗ್ರಾಮ ಆಡಳಿತಾಧಿಕಾರಿಗೆ ತಿಳಿಸುವುದನ್ನು ದಯವಿಟ್ಟು ಮರೆಯಬೇಡಿ. ಮಳೆ ಬಿಡುವವರೆಗೆ ಟಾರ್ಪಾಲು ಸಾಕು.

ಹೆಚ್ಚಿನವರು ಎಡವುವುದು ಹೆಂಚಿನಲ್ಲಿ. ಹಳೆಯ ಮಂಗಳೂರು ಹೆಂಚುಗಳ ಅಳತೆ ಮತ್ತು ಒಂದಕ್ಕೊಂದು ಕೂಡಿಕೊಳ್ಳುವ ತೋಡುಗಳು ಕಾರ್ಖಾನೆಯಿಂದ ಕಾರ್ಖಾನೆಗೆ ತುಸು ಬೇರೆಯಾಗಿರುವುದರಿಂದ, ಒಡೆದ ಜಾಗಕ್ಕೆ ಬೇರೆ ಮಾರ್ಕಿನ ಹೆಂಚು ಸೇರಿಸಿದರೆ ಸಂದಿಯಲ್ಲಿ ನೀರು ಇಳಿಯುತ್ತದೆ. ಆದ್ದರಿಂದ ಉಳಿದ ಹಳೆಯ ಹೆಂಚುಗಳನ್ನೆಲ್ಲ ಮಾಡಿನ ಒಂದು ಬದಿಗೆ ಹೊದಿಸಿ, ಹೊಸದನ್ನು ಮತ್ತೊಂದು ಬದಿಗೆ ಸೂರಿನಿಂದ ಮೇಲಕ್ಕೆ ಸಾಲಾಗಿ ಕೂರಿಸುವುದು ನನ್ನ ಪ್ರಕಾರ ಒಳ್ಳೆಯದು. ಅದಕ್ಕೂ ಮೊದಲು ಪಕ್ಕಾಸು (ಮಾಡಿನ ಇಳಿಜಾರಿನ ಮರದ ತೊಲೆ), ರೀಪುಗಳನ್ನು (ಹೆಂಚು ಕೂರುವ ಅಡ್ಡಪಟ್ಟಿ) ತಟ್ಟಿ ನೋಡಿ, ಗೆದ್ದಲು ಹಿಡಿದಿರುವುದನ್ನು ಬದಲಿಸಿರಿ.